ಹಗಲುಮನೆಯ ಬಾಗಿಲಲ್ಲಿ

"ಟೀ ತುಂಬಾ ಬಿಸಿ ಕೊಡಬೇಡಿ, ಗಟಗಟ ಕುಡಿದು ನಾಲಿಗೆ ಸುಟ್ಕೋತಾರೆ. ತಿಂಡಿ ತಿಂದಿಲ್ಲ ಅಂತಾರೆ, ತಿಂದಿದಾರೆ. ಬಸ್ಸು ಯಾವಾಗ ಹೊರಡುತ್ತೆ ಅಂತ ಕೇಳಿದ್ರೆ 'ಈಗ ಹೊರಡುತ್ತೆ' ಅನ್ನಿ. ಹೊರಡಲ್ಲ ಅಂದ್ರೆ ಕೋಪ ಬರುತ್ತೆ. ಆಮೇಲೆ ಚಪ್ಪಲಿ ಎಲ್ಲಾದ್ರೂ ಬಚ್ಚಿಟ್ಟುಬಿಡ್ತಾರೆ, ಸ್ವಲ್ಪ ಕಣ್ಣಿಟ್ಟಿರಿ."

ಚಿನ್ನಿ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಎದುರಿಗಿದ್ದ ಎತ್ತರದ ಮನುಷ್ಯ ಅವಳ ಅಪ್ಪನ ಕೈ ಹಿಡಿದುಕೊಂಡು, ಪಾಠ ಕೇಳುವ ಹುಡುಗನ ಹಾಗೆ ಒಂದೊಂದಕ್ಕೂ ತಲೆಯಾಡಿಸುತ್ತಿದ್ದ.

"ಎಲ್ಲಾ ಗೊತ್ತಾಯ್ತಾ?"

"ಚೆನ್ನಾಗಿ ಗೊತ್ತಾಯ್ತು. ಆದ್ರೆ ನಾನು ಇಲ್ಲಿ ಕೆಲಸ ಮಾಡೋನಲ್ಲ. ನಮ್ಮಮ್ಮನ್ನ ಬಿಡೋಕೆ ಬಂದೋನು."

ಅವನ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಹಿರಿಯ ಹೆಂಗಸು ಕಿಸಕ್ಕನೆ ನಕ್ಕರು. ಚಿನ್ನಿಯ ಮುಖ ಕೆಂಪಾಯಿತು.

"ಮೊದಲೇ ಹೇಳಬಾರದಿತ್ತಾ?"

"ಮಧ್ಯೆ ಬಾಯಿ ಹಾಕೋಕೆ ಜಾಗ ಎಲ್ಲಿತ್ತು?" ಎಂದ ಅವನು. ಕಣ್ಣಂಚಿನಲ್ಲಿ ನಗು ಇತ್ತು. ಆ ನಗುವನ್ನು ಪೂರ್ತಿ ನೋಡುವಷ್ಟು ಪುರುಸೊತ್ತು ಚಿನ್ನಿಗೆ ಇರಲಿಲ್ಲ. ಏಳು ವರ್ಷಗಳ ನಂತರ ಅವಳು ಕೆಲಸಕ್ಕೆ ಹೊರಟ ಮೊದಲ ದಿನ ಅದು.

ಸೋಫಾ, ಕುರ್ಚಿಗಳಿಗೆ ಹೊಸ ಮೈ ಕೊಡುವ ಕುಶನ್ ಕೆಲಸ ಅವಳದು. ಬಟ್ಟೆ ಕತ್ತರಿಸುವುದರಲ್ಲಿ ಅವಳ ಕೈ ಪಳಗಿತ್ತು. ಅಮ್ಮ ತೀರಿಕೊಂಡ ಮೇಲೆ, ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದ ಅಪ್ಪನಿಗೆ ಮರೆವು ಶುರುವಾಯಿತು. "ಸ್ವಲ್ಪ ದಿನ ನೀನೇ ಇದ್ದು ನೋಡ್ಕೋ, ನೀನಾದ್ರೆ ಅಪ್ಪನಿಗೂ ಸರಿ" ಎಂದ ಬೇರೆ ಊರಿನಲ್ಲಿದ್ದ ಅಣ್ಣ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅಪ್ಪನನ್ನು ಎಬ್ಬಿಸಿ, ಮೈ ತೊಳೆಸಿ, ಉಣಿಸಿ, ಬೀದಿಗೆ ಇಳಿದುಹೋದಾಗ ಹುಡುಕಿ ತಂದು, ಮತ್ತೆ ಮಲಗಿಸುವಷ್ಟರಲ್ಲಿ ದಿನ ಕಳೆಯುತ್ತಿತ್ತು. "ತಂಗಿ ಏನು ಮಾಡ್ತಾಳೆ?" ಎಂದು ಯಾರಾದರೂ ಕೇಳಿದರೆ ಅಣ್ಣ ಹೇಳುತ್ತಿದ್ದ ಮಾತು ಒಂದೇ: "ಏನಿಲ್ಲ, ಮನೇಲಿದಾಳೆ."

ಹಳೆಯ ಗ್ರಂಥಾಲಯದ ಕಟ್ಟಡದಲ್ಲಿ ನಗರಸಭೆಯವರು ವಯಸ್ಸಾದವರನ್ನು ಹಗಲಿಡೀ ನೋಡಿಕೊಳ್ಳುವ ಕೇಂದ್ರ ತೆರೆದರು. ಬೋರ್ಡಿನಲ್ಲಿ ಏನೋ ಉದ್ದದ ಹೆಸರಿತ್ತು, ಜನ ಅದನ್ನು ಹಗಲುಮನೆ ಎಂದರು. ಸುದ್ದಿ ತಿಳಿದು, ಹಿಂದೆ ಅವಳು ಕೆಲಸಕ್ಕಿದ್ದ ಕುಶನ್ ಅಂಗಡಿಯ ಯಜಮಾನಿ ಫೋನು ಮಾಡಿ, "ನಿನ್ನ ಕತ್ತರಿ ಇನ್ನೂ ಮೊಳೇಲೇ ನೇತಾಡ್ತಿದೆ, ಬಾ" ಎಂದಿದ್ದರು.

ಹೀಗೆ ಬೆಳಿಗ್ಗೆ, ಸಂಜೆ ಹಗಲುಮನೆಯ ಬಾಗಿಲಲ್ಲಿ ಅವಳೂ ಆ ಎತ್ತರದ ಮನುಷ್ಯನೂ ಎದುರಾಗತೊಡಗಿದರು. ಅವನದು ಎರಡು ಬೀದಿ ಆಚೆ ಕನ್ನಡಕದ ಅಂಗಡಿ. ತಾಯಿಗೆ ಒಂದು ಪಕ್ಕ ಸ್ವಾಧೀನವಿರಲಿಲ್ಲ, ನಾಲಿಗೆ ಮಾತ್ರ ಭರ್ಜರಿಯಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ ನಾಳೆ, ನಾಡಿದ್ದು ಎನ್ನುತ್ತ ಅವನ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು.

"ಇವತ್ತೇನು ಆರ್ಡರ್ ಇಲ್ವಾ ನಂಗೆ?" ಎಂದು ಅವನು ಛೇಡಿಸುತ್ತಿದ್ದ.

"ಇದೆ. ದಾರಿ ಬಿಡಿ."

ದಾರಿ ಬಿಡುವಾಗ ಅವನು ಅಗತ್ಯಕ್ಕಿಂತ ಒಂದು ಕ್ಷಣ ತಡ ಮಾಡುತ್ತಿದ್ದ. ಆ ಒಂದು ಕ್ಷಣವನ್ನು ಅವಳು ಅಂಗಡಿಯವರೆಗೂ ಹೊತ್ತುಕೊಂಡು ಹೋಗುತ್ತಿದ್ದಳು.

ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದುದನ್ನು ಒಮ್ಮೆ ಬಾಯಿಬಿಟ್ಟು ಹೇಳಿದ್ದಕ್ಕೆ, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಅಂಗಡಿಗೆ ಕರೆದ. ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಭಾರದ ಫ್ರೇಮು ಇಟ್ಟು, ಗಾಜುಗಳನ್ನು ಬದಲಿಸುತ್ತಾ ಕೇಳಿದ:

"ಇದು ಚೆನ್ನಾಗಿ ಕಾಣುತ್ತಾ, ಇದಾ?"

"ಮೊದಲನೇದು."

"ಈಗ?"

ಅವನ ಮುಖ ತೀರಾ ಹತ್ತಿರವಿತ್ತು. ಗಲ್ಲದ ಮೇಲಿನ ಹಳೆಯ ಗಾಯದ ಗುರುತು, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಎಲ್ಲ ಇದ್ದಕ್ಕಿದ್ದಂತೆ ನಿಚ್ಚಳವಾಯಿತು.

"ಏನು ಕಾಣುತ್ತೆ?" ಅವನ ದನಿ ಮೆತ್ತಗಾಗಿತ್ತು.

"ಮೀಸೆ ಎಡಗಡೆ ಜಾಸ್ತಿ ಕತ್ತರಿಸಿದೀರ."

ಅವನು ಬಿದ್ದುಬಿದ್ದು ನಕ್ಕ. ಆ ನಗುವನ್ನು ಅವಳು ಈ ಸಲ ಪೂರ್ತಿ ನೋಡಿದಳು.

ಇಷ್ಟರಲ್ಲಿ ಹಗಲುಮನೆಗೆ ಕುತ್ತು ಬಂತು. ಅಲ್ಲಿದ್ದ ಮೂವರು ಆಯಾಗಳಲ್ಲಿ ಇಬ್ಬರು ಕೆಲಸ ಬಿಟ್ಟರು. ಇನ್ನು ಮುಂದೆ ಮಧ್ಯಾಹ್ನದ ಊಟದವರೆಗೆ ಮಾತ್ರ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಚಿನ್ನಿ ಅದರ ಮುಂದೆ ನಿಂತೇ ಇದ್ದಳು. ಅರ್ಧ ದಿನಕ್ಕೆ ಯಾವ ಕೆಲಸ ಉಳಿಯುತ್ತದೆ?

ಸಂಜೆ ಕನ್ನಡಕದವನು ಹೊರಗಿನ ಕಲ್ಲುಬೆಂಚಿನ ಮೇಲೆ ಅವಳ ಪಕ್ಕ ಕುಳಿತ.

"ನಾವಿಬ್ರೂ ಮದುವೆ ಆಗೋಣ," ಎಂದ.

ಎಷ್ಟೋ ದಿನಗಳಿಂದ ಕಾಯುತ್ತಿದ್ದ ಮಾತು. ಅವಳ ಎದೆ ಹೂವಿನಂತೆ ಅರಳಿತು. ಅವನು ಮುಂದುವರಿಸಿದ:

"ಆಗ ಈ ತಲೆಬಿಸೀನೇ ಇರಲ್ಲ. ನಿಮ್ಮಪ್ಪ, ನಮ್ಮಮ್ಮ ಒಂದೇ ಮನೇಲಿ. ನೀವು ಮನೇಲಿದ್ದು ಇಬ್ಬರನ್ನೂ ನೋಡ್ಕೊಂಡ್ರೆ ಆಯ್ತು. ಹೀಗೆ ಓಡಾಡಿ ದುಡಿಯೋ ಕಷ್ಟ ನಿಮಗ್ಯಾಕೆ? ನಾನಿದೀನಲ್ಲ."

ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಅದು ಅಷ್ಟು ಆಳಕ್ಕೆ ನಾಟಿತು.

"ನೀವು ಹೆಂಡತೀನ ಕೇಳ್ತಿದೀರೋ, ಆಯಾನ ಹುಡುಕ್ತಿದೀರೋ?"

"ಅಯ್ಯೋ, ಹಾಗಲ್ಲ..."

"ನಿಮ್ಮನ್ನ ಕಂಡ್ರೆ ನಂಗೆ ಇಷ್ಟ. ಸುಳ್ಳು ಹೇಳಲ್ಲ. ಆದ್ರೆ ಏಳು ವರ್ಷ ಆದ್ಮೇಲೆ ಆ ಮನೆಯಿಂದ ಹೊರಗೆ ಬಂದಿದೀನಿ. ಇನ್ನೊಂದು ಮನೆಗೆ ಹೋಗಿ ಅದೇ ಬಾಗಿಲು ಹಾಕ್ಕೊಳ್ಳೋಕೆ ನನ್ನಿಂದಾಗಲ್ಲ." ಎದ್ದು ಹೊರಟಳು. ತಿರುಗಿ ನೋಡಲಿಲ್ಲ, ನೋಡಿದ್ದರೆ ಅಳು ಬರುತ್ತಿತ್ತು.

ಮಾರನೆಯ ದಿನ ಅವನ ತಾಯಿ ಅವಳ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಂಗೆ ಟೆಲಿಫೋನ್ ಆಫೀಸಲ್ಲಿ ಕೆಲಸ ಸಿಕ್ಕಿತ್ತು ಕಣಮ್ಮ. ಅತ್ತೆ ಹಾಸಿಗೆ ಹಿಡಿದ್ರು, ಹೋಗ್ಲಿಲ್ಲ. ಅವರು ಹೋದಾಗ ಎಲ್ಲರೂ, ಇನ್ನು ನೀನು ಆರಾಮು ಅಂದ್ರು. ಅಷ್ಟರಲ್ಲಿ ನಂಗೇ ಮಂಡಿನೋವು!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ನನ್ನ ನೋಡ್ಕೊಳ್ಳೋಕೆ ಅಂತ ಅವನನ್ನ ಕಟ್ಕೋಬೇಡ. ಅವನು ಬೇಕು ಅನ್ನಿಸಿದ್ರೆ ಕಟ್ಕೋ. ನಿನ್ನೆ ಅವನಿಗೂ ಸರಿಯಾಗಿ ಬೈದಿದೀನಿ."

ಚಿನ್ನಿ ಅಂದು ಕೆಲಸದಿಂದ ಬರುತ್ತಾ, ಬಿಟ್ಟುಹೋದ ಆಯಾಗಳ ಮನೆ ಹುಡುಕಿಕೊಂಡು ಹೋದಳು. ಇಬ್ಬರದೂ ಒಂದೇ ಉತ್ತರ: ಕೆಲಸ ಇಷ್ಟವೇ, ಆದರೆ ಆ ಸಂಬಳದಲ್ಲಿ ಮನೆ ಬಾಡಿಗೆಯೂ ಹುಟ್ಟುವುದಿಲ್ಲ. ಅವಳಿಗೆ ನಾಚಿಕೆಯಾಯಿತು. ತನ್ನ ದುಡಿಮೆಗೆ ಬೆಲೆ ಇಲ್ಲವೆಂದು ಕೊರಗುತ್ತಿದ್ದವಳು, ತಾನು ಕೆಲಸಕ್ಕೆ ಹೋಗುವಂತೆ ಮಾಡಿದ ಈ ಕೈಗಳಿಗೆ ಏನು ಸಿಗುತ್ತಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮನೆಮನೆ ತಿರುಗಿ, ಹಗಲುಮನೆಗೆ ಬರುವವರ ಹೆಣ್ಣುಮಕ್ಕಳು, ಸೊಸೆಯರನ್ನೆಲ್ಲ ಒಟ್ಟುಗೂಡಿಸಿ ನಗರಸಭೆಗೆ ಕರೆದುಕೊಂಡು ಹೋದಳು. ಕೆಲವು ಮನೆಗಳ ಗಂಡಸರೂ ಹಿಂದೆ ಬಂದರು. ಅಧಿಕಾರಿ ಕೈಮುಗಿದು, "ನಿಮ್ಮಂಥವರ ತ್ಯಾಗ ದೊಡ್ಡದು" ಎಂದು ಮಾತು ಶುರುಮಾಡಿದರು.

"ಸಾರ್, ಹೊಗಳಿಕೆ ಬೇಡ," ಎಂದಳು ಚಿನ್ನಿ. "ಆ ಆಯಾಗಳಿಗೆ ಸರಿಯಾದ ಸಂಬಳ ಕೊಡಿ. ಅವರು ಉಳಿದ್ರೆ ಇಲ್ಲಿರೋ ನಾವೆಲ್ಲ ಕೆಲಸಕ್ಕೆ ಹೋಗ್ತೀವಿ. ಅವರು ಹೋದ್ರೆ ನಾವೆಲ್ಲ ಮನೆಗೆ ಹೋಗ್ತೀವಿ."

"ಮಂಜೂರಾಗೋಕೆ ಟೈಮ್ ಬೇಕಮ್ಮ. ಅಲ್ಲೀವರೆಗೆ ಮಧ್ಯಾಹ್ನ ಯಾರು ನೋಡ್ಕೋತಾರೆ?"

ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ನಾನು. ಮಧ್ಯಾಹ್ನ ಅಂಗಡಿ ಮುಚ್ತೀನಿ."

ಯಾರೋ ಮುಸಿಮುಸಿ ನಕ್ಕರು. ಕನ್ನಡಕದವನು ಕಿವಿಯವರೆಗೂ ಕೆಂಪಾಗಿದ್ದ, ಆದರೂ ಎತ್ತಿದ ಕೈ ಇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬರ ಗಂಡ, ಇನ್ನೊಬ್ಬರ ಮಗ ಗೊಣಗುತ್ತಲೇ ಕೈ ಎತ್ತಿದರು.

ಆ ದಿನಗಳಲ್ಲಿ ಅವನು ಅವಳನ್ನು ಏನೂ ಕೇಳಲಿಲ್ಲ. ಸಂಜೆ ಅವಳು ಬರುವಾಗ ಅಂಗಿಯ ಮೇಲೆಲ್ಲ ಸಾರು ಚೆಲ್ಲಿಕೊಂಡು, ಯಾವುದೋ ಅಜ್ಜನ ಅಂಗಿಯ ಗುಂಡಿ ಹಾಕುತ್ತಲೋ, ಕಿಟಕಿಯ ಬಳಿ ತೂಕಡಿಸುತ್ತಲೋ ಇರುತ್ತಿದ್ದ. "ಬೆನ್ನು ಬಿದ್ದುಹೋಯ್ತು," ಎಂದ ಒಮ್ಮೆ. "ನೀವು ಇದನ್ನ ಒಬ್ಬರೇ, ರಾತ್ರಿ ಹಗಲು..." ಅವಳು ಅವನ ಅಂಗಿಯ ಕೊರಳಿಗೆ ಅಂಟಿದ್ದ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತರು.

ಅಂತೂ ಸಂಬಳ ಏರಿತು. ಆಯಾಗಳು ಒಬ್ಬೊಬ್ಬರಾಗಿ ಮರಳಿದರು, ಹಗಲುಮನೆ ಮತ್ತೆ ಸಂಜೆಯವರೆಗೂ ತೆರೆಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ ಕನ್ನಡಕದವನು ಕುಶನ್ ಅಂಗಡಿಯ ಹೊಸ್ತಿಲಲ್ಲಿ ಬಂದು ನಿಂತ. ಯಜಮಾನಿ ಇವನನ್ನೂ ಚಿನ್ನಿಯನ್ನೂ ಒಮ್ಮೆ ನೋಡಿ, ಏನೋ ನೆನಪಾದವರಂತೆ ಒಳಗೆ ಹೋದರು. ಚಿನ್ನಿ ಒಂದು ಕುರ್ಚಿಗೆ ಹಸಿರು ಬಟ್ಟೆ ಎಳೆದು ಬಿಗಿಯುತ್ತಿದ್ದಳು. ತುಟಿಗಳ ನಡುವೆ ಸಣ್ಣ ಮೊಳೆಗಳ ಸಾಲಿತ್ತು.

"ಅವತ್ತು ನಾನು ತಪ್ಪಾಗಿ ಕೇಳಿದೆ," ಎಂದ ಅವನು. "ಈಗ ಹಗಲುಮನೆ ಸರಿಹೋಯ್ತು. ಅಮ್ಮನಿಗೆ ಅಲ್ಲೇ ಜಗಳ ಆಡೋಕೆ ಜನ ಸಿಕ್ಕಿದಾರೆ. ಬೆಳಿಗ್ಗೆ ಅಡುಗೆ, ರಾತ್ರಿ ಎದ್ದು ನೋಡೋದು, ಎಲ್ಲಾ ನಂಗೆ ರೂಢಿ ಆಗಿದೆ. ಈಗ ನಿಮ್ಮನ್ನ ಮದುವೆ ಆದ್ರೆ ನಂಗೆ ಒಂದು ಅನುಕೂಲನೂ ಇಲ್ಲ." ಉಸಿರು ಎಳೆದುಕೊಂಡ. "ಅದಕ್ಕೇ ಈಗ ಕೇಳ್ತಿದೀನಿ."

ಬಾಯಿ ತುಂಬ ಮೊಳೆ. ಉತ್ತರ ಕೊಡುವ ಹಾಗಿಲ್ಲ. ಚಿನ್ನಿ ಎಡಗೈ ಎತ್ತಿ, ಇರಿ ಎಂದು ಸನ್ನೆ ಮಾಡಿದಳು.

ಅವನು ಅರ್ಧ ಮುಗಿದ ಸೋಫಾದ ಅಂಚಿನಲ್ಲಿ ಕುಳಿತ. ಅವಳು ಒಂದೊಂದೇ ಮೊಳೆ ತೆಗೆದು, ಅಳತೆ ನೋಡಿ, ಟಕ್ ಟಕ್ ಎಂದು ಹೊಡೆದಳು. ಅವಸರ ಮಾಡಲಿಲ್ಲ. ಮೂಲೆಯಲ್ಲಿ ನೆರಿಗೆ ಬಂದಾಗ ಎರಡು ಮೊಳೆ ಕಿತ್ತು ಮತ್ತೆ ಹೊಡೆದಳು. ಅವನು ಗಡಿಯಾರ ನೋಡಲಿಲ್ಲ, ಅವಳ ಕೈಗಳನ್ನೇ ನೋಡುತ್ತಿದ್ದ. ಅವಳ ಕೆಲಸ ಮುಗಿಯಲಿ ಎಂದು ಯಾರಾದರೂ ಹೀಗೆ ಕಾದದ್ದು ಅವಳಿಗೆ ನೆನಪಿರಲಿಲ್ಲ.

ಕೊನೆಯ ಮೊಳೆ ಒಳಗೆ ಹೋಯಿತು. ಅವಳು ಬಟ್ಟೆಯ ಮೇಲೆ ಅಂಗೈ ಸವರಿ, ತಲೆ ಎತ್ತಿದಳು.

"ಹೂಂ," ಎಂದಳು.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಬನ್ನಿ, ಆ ಕಡೆ ಹಿಡ್ಕೊಳ್ಳಿ. ಕುರ್ಚೀನ ಹೊರಗೆ ಇಡಬೇಕು."