ಎರಡು ಗಳಿಗೆ ಬಾಳಿದ ಝಡ್ ಬಾಗಿಲು

ಬಹಳ ಬಹಳ ಹಿಂದೆ, ಒಂದು ಕಂಪ್ಯೂಟರಿನ ಒಡಲೊಳಗೆ ಗಣಕಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮೂರೇ ಕಟ್ಟಡಗಳು. ಸಿ ಎಂಬ ಅಕ್ಷರ ಹೊತ್ತದ್ದು ಅರಮನೆ. ಡಿ, ಮದ್ದಿನ ಉಗ್ರಾಣ. ಇ, ಮಾಂತ್ರಿಕ ವಕ್ರಾಕ್ಷ ಸೃಷ್ಟಿಸಿದ ಹೊಗೆಹುಲಿಯ ಸೆರೆಮನೆ. ಬಾಗಿಲುಗಳು ಓಲೆಕಾರರ ವೇಷಕ್ಕೆ ಮಾತ್ರ ತೆರೆಯುತ್ತಿದ್ದವು. ಓಲೆಕಾರರಿಗೋ ಅಕ್ಷರವೊಂದೇ ಗುರುತು.

ರಾಣಿ ಕಾಯಿಲೆ ಬಿದ್ದ ದಿನ ವಕ್ರಾಕ್ಷ ಡಿ ಮತ್ತು ಇ ಅಕ್ಷರಗಳನ್ನು ಅದಲುಬದಲು ಮಾಡಿದ. ಮದ್ದು ತರಲು ಹೋದ ಇಬ್ಬರು ಓಲೆಕಾರರು ಹುಲಿಯ ಹೊಟ್ಟೆ ಸೇರಿದರು. ಹೊತ್ತು ಮುಳುಗುವುದರೊಳಗೆ ಮದ್ದು ಬಾರದಿದ್ದರೆ ರಾಣಿ ಉಳಿಯಳು ಎಂದರು ವೈದ್ಯರು.

ಬಾಗಿಲಿಗೆ ಅಕ್ಷರ ಬರೆಯುವ ವನಮಾಲೆ ಮೂರನೆಯ ಓಲೆಕಾರ ಪವನಕನನ್ನು ತಡೆದಳು.

"ಆ ಬಾಗಿಲು ಬೇಡಣ್ಣ. ಉಗ್ರಾಣ ಪಕ್ಕದ್ದು. ಗೋಡೆ ನೋಡು."

"ಗೋಡೆ ನೋಡುವುದು ನಮ್ಮ ಕುಲದಲ್ಲೇ ಇಲ್ಲ ತಂಗಿ. ನೀನು ಸರಿಯಾಗಿ ಬರೆ, ನಾನು ಓದುತ್ತೇನೆ."

ವನಮಾಲೆ ಉಗ್ರಾಣದ ಮೇಲೆ ಡಿ ಬರೆದಳು. ಬರೆದದ್ದು ಬೂದಿಯಾಗಿ ಉದುರಿತು. ಒಂದೇ ಅಕ್ಷರ ಎರಡು ಬಾಗಿಲಲ್ಲಿ ನಿಲ್ಲದು.

ಎರಡನೆಯ ಸಲ ಉಗ್ರಾಣದ ಇ ಅಕ್ಷರವನ್ನು ಒರೆಸಿದಳು. ಬಾಗಿಲೇ ಮಾಯವಾಗಿ ಬರಿಗೋಡೆ ಉಳಿಯಿತು.

"ಚೆನ್ನಾಯಿತು," ಎಂದ ಪವನಕ. "ಮೊದಲು ಮದ್ದಿರಲಿಲ್ಲ, ಈಗ ಬಾಗಿಲೂ ಇಲ್ಲ."

ಅವಳು ಮತ್ತೆ ಇ ಬರೆದಳು. ಬಾಗಿಲು ಮರಳಿತು, ಒಳಗಿನ ಒಂದು ಭರಣಿಯೂ ಕದಲಿರಲಿಲ್ಲ.

ಮೇಲಿನ ಉಪ್ಪರಿಗೆಯಿಂದ ವಕ್ರಾಕ್ಷ ನಕ್ಕ. "ಅರಮನೆಯ ಸಿ ಇದೆಯಲ್ಲ, ಅದನ್ನೇ ಕಿತ್ತು ಹಚ್ಚಮ್ಮ."

"ಸಿ ಅಲುಗಿದರೆ ಅರಮನೆ ಮತ್ತೆ ಏಳುವುದಿಲ್ಲ. ಅಷ್ಟು ಕಲಿಯದೆ ಕುಂಚ ಹಿಡಿದವಳಲ್ಲ ನಾನು."

ಮಾಂತ್ರಿಕ ಮುಖ ತಿರುಗಿಸಿ ಓಲೆಕಾರನ ವೇಷ ತೊಡಲು ಹೋದ. ಉಗ್ರಾಣ ಹೊಕ್ಕು ಮದ್ದನ್ನೇ ಸುಟ್ಟುಬಿಡುವುದು ಅವನ ಹಂಚಿಕೆ.

ವನಮಾಲೆ ಕಣ್ಣು ಮುಚ್ಚಿ ಯೋಚಿಸಿದಳು. ಇಬ್ಬರು ಜಾಗ ಬದಲಿಸಬೇಕಾದರೆ ಒಬ್ಬರು ಸ್ವಲ್ಪ ಹೊತ್ತು ಬೇರೆಲ್ಲಾದರೂ ನಿಲ್ಲಬೇಕು. ಅವಳ ಅಕ್ಷರದ ಪೆಟ್ಟಿಗೆಯ ತಳದಲ್ಲಿ ಯಾರೂ ಮುಟ್ಟದ ಝಡ್ ಅಕ್ಷರವಿತ್ತು. ಮೂರನೆಯ ಸಲ ಅವಳು ಸೆರೆಮನೆಯ ಡಿ ತೆಗೆದು ಝಡ್ ಇಟ್ಟಳು. ಉಗ್ರಾಣದ ಇ ತೆಗೆದು, ಬಿಡುವಾದ ಡಿ ಅಕ್ಷರವನ್ನು ಅದಕ್ಕೆ ಕೊಟ್ಟಳು. ಆಮೇಲೆ ಝಡ್ ತೆಗೆದು ಸೆರೆಮನೆಗೆ ಅದರ ಇ ಮರಳಿಸಿದಳು.

ಪವನಕ ಡಿ ಓದಿ ಒಳಗೆ ಓಡಿದ. ವಕ್ರಾಕ್ಷನೂ ಓಡಿಬಂದ, ಉಗ್ರಾಣಕ್ಕೆ ತಾನೇ ಬರೆದಿದ್ದ ಇ ಕಂಡು, ಗೋಡೆ ನೋಡದೆ ಸೆರೆಮನೆಯನ್ನೇ ಹೊಕ್ಕ. ಓಲೆಕಾರನ ವೇಷದಲ್ಲಿದ್ದ ಒಡೆಯನ ಗುರುತು ಹುಲಿಗೆ ಸಿಗಲಿಲ್ಲ, ಒಂದೇ ಏಟಿಗೆ ಕೊಂದಿತು. ಮಾಂತ್ರಿಕ ಅಳಿದೊಡನೆ ಅವನ ಮಾಯೆಯ ಹುಲಿಯೂ ಕರಗಿತು. ಅದು ನುಂಗಿದ್ದ ಇಬ್ಬರು ಓಲೆಕಾರರು ಮಸಿ ಕೊಡವಿಕೊಂಡು ಹೊರಬಂದರು.

ಗುಣವಾದ ರಾಣಿ ಕೇಳಿದಳು, "ಏನು ಬೇಕು ಮಗಳೇ?"

"ಝಡ್ ಅಕ್ಷರವನ್ನು ಯಾರಿಗೂ ಕೊಡಬೇಡಿ ತಾಯಿ. ಖಾಲಿ ಇರಲಿ."

ರಾಣಿ ಒಪ್ಪಿದಳು. ಅಂದಿನಿಂದ ಗಣಕಾವತಿಯಲ್ಲಿ ಹೊರಟವರೆಲ್ಲ ಹೋಗಬೇಕಾದಲ್ಲಿಗೇ ತಲುಪುತ್ತ, ತಲುಪಿದವರೆಲ್ಲ ಮನೆಗೆ ಮರಳುತ್ತ ಸುಖವಾಗಿದ್ದರು.