ವಾಚನಾಲಯದ ಒಡೆದ ಗಾಜು

ಬೆಳಗ್ಗೆ ಗ್ರಂಥಪಾಲಕರ ಹತ್ತಿರ ಕೀಲಿ ಇಸಿದುಕೊಂಡು ನಾನು ಕಾಲೇಜಿನ ಹಳೇ ವಾಚನಾಲಯದ ಬಾಗಿಲು ತೆಗೆದಾಗ ಗಾಜು ಒಡೆದು ನೆಲದ ಮೇಲೆ ಬಿದ್ದಿತ್ತು.

ಅಂಗೈಯಷ್ಟು ಉದ್ದದ ತೆಳು ಪಟ್ಟಿ, ಅಷ್ಟೇ. ಆದರೂ ಇಡೀ ಕಟ್ಟಡದ ಹಣೆಬರಹ ಅದರ ಮೇಲಿತ್ತು. ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದು ಪುಸ್ತಕದ ದೊಡ್ಡ ಬೀರುವಿನ ಹಿಂದೆ ಮರೆಯಾಗುವ ಬಿರುಕೊಂದಿದೆ. ಅದಕ್ಕೆ ಅಡ್ಡಲಾಗಿ ಇಂಜಿನಿಯರ್ ಆ ಗಾಜು ಅಂಟಿಸಿದ್ದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಕಟ್ಟಡ ಕೆಡವುವುದೆಂದು ಮಾತಾಗಿತ್ತು. ಮಧ್ಯಾಹ್ನ ಕಾಲೇಜಿನ ಕಟ್ಟಡ ಸಮಿತಿ ಬರಲಿತ್ತು, ತೀರ್ಮಾನ ಹೇಳಲು.

ನಾನು ಇಲ್ಲಿ ಇತಿಹಾಸ ಕಲಿಸುವವಳು. ಈ ಕಟ್ಟಡ ಉಳಿಸಿ ಎಂದು ಊರಿನವರ ತಲೆಯೆಲ್ಲ ತಿಂದವಳೂ ನಾನೇ. ಕೈಕಾಲು ಆಡದೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ದೊಡ್ಡಮ್ಮ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿದ್ದಾಳೆ. ಅನುಮಾನಪಡುವುದರಿಂದ ಇನ್ನೂ ಆಗಿಲ್ಲ.

ಬಂದವಳು ಗಾಜು ನೋಡಲಿಲ್ಲ. ತಲೆಯೆತ್ತಿ ನಿಂತುಬಿಟ್ಟಳು.

"ಅಬ್ಬಾ! ಎಂಥಾ ಕಟ್ಟಡ ಕಣೇ ಇದು!"

ನಿಜ. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ದಪ್ಪ ಗೋಡೆಗಳ ಒಳಗೆ ತಂಪು. ಎತ್ತರದ ಕಿಟಕಿಗಳಿಂದ ಬೆಳಕು ಪ್ರತಿ ಮೇಜಿಗೂ ಇಳಿಯುತ್ತದೆ, ಓದುವವರ ಕಣ್ಣಿಗೆ ಮಾತ್ರ ಚುಚ್ಚುವುದಿಲ್ಲ. ಕಟ್ಟಿದವರ ಬುದ್ಧಿಗೆ ಕೈ ಮುಗಿಯಬೇಕು.

ಅಷ್ಟರಲ್ಲಿ ಇಂಜಿನಿಯರ್, ಪ್ರಿನ್ಸಿಪಾಲರು, ಗ್ರಂಥಪಾಲಕರು ಮೂವರೂ ಬಂದರು. ಗ್ರಂಥಪಾಲಕರನ್ನು ಇಡೀ ಕಾಲೇಜು ಲೈಬ್ರರಿ ಮಾವ ಎಂದೇ ಕರೆಯುತ್ತದೆ.

"ಗಾಜು ಒಡೆದದ್ದು ಹೇಗೆ?" — ದೊಡ್ಡಮ್ಮ ಶುರುಮಾಡಿದಳು.

"ಗೋಡೆ ಸರಿದಿದೆ, ಇನ್ನೇನು?" ಎಂದರು ಇಂಜಿನಿಯರ್. "ನನಗೂ ಬೇಜಾರೇ ಮೇಡಂ. ಆದ್ರೆ ನಾಳೆ ಮಕ್ಕಳ ತಲೆ ಮೇಲೆ ಬಿದ್ರೆ?"

ಪ್ರಿನ್ಸಿಪಾಲರು ಒಂದು ಹೆಜ್ಜೆ ಮುಂದೆ ಬಂದರು. "ಹೊಸ ಕಟ್ಟಡ ಬೇಕು ಅಂತ ನಾನು ಮುಚ್ಚುಮರೆ ಇಲ್ದೆ ಹೇಳಿದ್ದೀನಿ. ಹಾಗಂತ ನಾನೇ ಒಡೆದೆ ಅಂತೀರಾ?"

"ಇನ್ನೂ ಅಂದಿಲ್ಲ."

"ಅವರೇ ಒಡೆದಿರೋದು, ದೊಡ್ಡಮ್ಮ," ನಾನು ಕಿವಿಯಲ್ಲಿ ಪಿಸುಗುಟ್ಟಿದೆ.

"ನಿನಗೆ ಆಗದವರನ್ನೆಲ್ಲ ಹಿಡಿದು ಹಾಕಿದ್ರೆ ನಮ್ಮ ಜೈಲು ಸಾಲ್ತಿರಲಿಲ್ಲ. ಸುಮ್ನಿರು." ಅವಳು ಲೈಬ್ರರಿ ಮಾವನ ಕಡೆ ತಿರುಗಿದಳು. "ನಿನ್ನೆ ಬೀಗ ಹಾಕಿದ್ದು?"

"ನಾನೇ."

"ಬಾಗಿಲ ಕೀಲಿ ಮತ್ಯಾರ ಹತ್ರ ಇದೆ?"

"ಪ್ರಿನ್ಸಿಪಾಲರ ಹತ್ರ ಒಂದಿದೆ."

"ಬೀರುವಿನದು?"

"ಅದು... ನನ್ನ ಹತ್ರ ಮಾತ್ರ."

ದೊಡ್ಡಮ್ಮ ಬೀರುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಇಲ್ಲಿ ಗೇಣಗಲ ಗೋಡೆ ಮಾತ್ರ ಬೆಳ್ಳಗಿದೆಯಲ್ಲ, ಯಾಕೆ?"

"ಬೀರು ಇದ್ದ ಜಾಗ..." ಎಂದು ನಾನು ನಿಲ್ಲಿಸಿದೆ.

"ಹೌದು, ಇದ್ದ ಜಾಗ. ಈಗ ಬೀರು ಆಚೆಗೆ ಹೋಗಿದೆ. ಪುಸ್ತಕ ತುಂಬಿದ್ರೆ ಇದು ಯಾರ ಅಪ್ಪನಿಗೂ ಜಗ್ಗಲ್ಲ. ಖಾಲಿ ಮಾಡಿ ತಳ್ಳಬೇಕು, ಮತ್ತೆ ತುಂಬಬೇಕು. ಸ್ವಲ್ಪ ತೆಗೀರಿ ಸಾರ್."

ಮಾವ ಕೀಲಿ ತಿರುಗಿಸಿ ಬೀರುವಿನ ಬಾಗಿಲು ತೆರೆದರು. ಪುಸ್ತಕಗಳು ಸಾಲಾಗಿ, ಕ್ರಮವಾಗಿ, ಅಂಚಿಗೆ ಅಂಚು ಕೂಡಿ ನಿಂತಿದ್ದವು.

"ಬೇರೆಯವರಾಗಿದ್ರೆ ಸಿಕ್ಕ ಹಾಗೆ ತುರುಕಿ ಓಡಿರೋರು. ಗಾಬರಿಯಲ್ಲೂ ಹೀಗೆ ಜೋಡಿಸೋ ಕೈ ಈ ಕಾಲೇಜಲ್ಲಿ ಒಂದೇ. ಅಲ್ವಾ ಸಾರ್?"

ಮಾವ ಕುರ್ಚಿಯ ಮೇಲೆ ಕುಸಿದರು.

"ಬಿರುಕು ಸಮಿತಿಯವರ ಕಣ್ಣಿಗೆ ಬೀಳದಿರಲಿ ಅಂತ ಬೀರು ಸರಿಸಿ ಮುಚ್ಚೋಕೆ ಹೋದೆ. ಅಂಚು ತಾಗಿ ಗಾಜು ಹೋಯ್ತು. ಹೆದರಿ ವಾಪಸ್ ತಳ್ಳಿದೆ, ಗಾಬರಿಯಲ್ಲಿ ಮೊದಲಿದ್ದ ಜಾಗಕ್ಕಿಂತ ಆಚೆಗೇ ಹೋಗಿಬಿಡ್ತು. ಬೆಳಗ್ಗೆಯಿಂದ ಹೇಳೋಣ ಅಂತೀನಿ, ಬಾಯೇ ಬರ್ತಿಲ್ಲ. ಉಳಿಸೋಕೆ ಹೋಗಿ ನಾನೇ ಕೆಡವಿಬಿಟ್ಟೆ!"

ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಇಂಜಿನಿಯರ್ ತಲೆಯಾಡಿಸಿದರು. "ಬೀರು ತಾಗಿ ಒಡೀತು, ಸರಿ. ಆದ್ರೆ ಗೋಡೆ ಗಟ್ಟಿ ಅನ್ನೋಕೆ ಸಾಕ್ಷಿ? ಹೊಸ ಗಾಜು ಅಂಟಿಸಿ ತಿಂಗಳುಗಟ್ಟಲೆ ಕಾಯ್ಬೇಕು. ಸಮಿತಿ ಕಾಯಲ್ಲ."

"ಕಾಯೋದು ಬೇಡ. ಇದೇನು, ನೋಡಿ ಹೇಳಿ."

ದೊಡ್ಡಮ್ಮ ಬಿಳಿ ಗೋಡೆಯ ಮೇಲೆ ಬೆರಳಿಟ್ಟಳು. ಬಿರುಕಿನ ಬಾಲದ ಮೇಲೆ ಒಂದು ಪುಟ್ಟ ಸುಣ್ಣದ ಗಾರೆಯ ಬಿಲ್ಲೆ ಮೆತ್ತಿತ್ತು. ಇಂಜಿನಿಯರ್ ಮಂಡಿಯೂರಿದರು. ಅವರ ದನಿಯೇ ಬದಲಾಯಿತು.

"ಅರೆ! ಗಾಜು ಬರೋ ಮುಂಚೆ ಹೀಗೇ ಮಾಡ್ತಿದ್ರು. ಬಿರುಕಿನ ಮೇಲೆ ಗಾರೆ ಮೆತ್ತಿ ಇಸವಿ ಗೀಚೋರು. ಗೋಡೆ ಸರಿದಿದ್ರೆ ಇದೂ ಸೀಳ್ತಿತ್ತು." ಟಾರ್ಚ್ ಹಿಡಿದು ಉದ್ದಕ್ಕೂ ನೋಡಿದರು. "ಒಂದು ಗೆರೆಯೂ ಬಿದ್ದಿಲ್ಲ ಸಾರ್!"

ಗೀಚಿದ ಇಸವಿ ನನ್ನ ಅಜ್ಜ ಹುಟ್ಟುವುದಕ್ಕೂ ಮೊದಲಿನದು. ಅಂದಿನಿಂದ ಈ ಗೋಡೆ ಅಲ್ಲಾಡಿಲ್ಲ!

ಪ್ರಿನ್ಸಿಪಾಲರು ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಲೈಬ್ರರಿ ಮಾವನ ಭುಜ ಮುಟ್ಟಿದರು. "ಏಳಿ ಸಾರ್. ಸಮಿತಿಯವರಿಗೆ ಮೊದಲು ಇದನ್ನೇ ತೋರಿಸೋಣ. ನೀವೇ ತೋರಿಸಿ. ಬೀರು ಸರಿಸಿದ್ದನ್ನೂ ನೀವೇ ಹೇಳಿ."

ಮಾವ ಕಣ್ಣೊರೆಸಿಕೊಂಡು ಎದ್ದರು.

ದೊಡ್ಡಮ್ಮ ಮಾತ್ರ ಅಲ್ಲೇ ಕೂತಿದ್ದಳು. ಕನ್ನಡಕ ಏರಿಸಿ ನನ್ನನ್ನು ಹತ್ತಿರ ಕರೆದಳು. ಬಿಲ್ಲೆಯ ನಡುವೆ, ಹಸಿ ಗಾರೆಯನ್ನು ಒತ್ತಿದ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಉಳಿದಿತ್ತು.

"ಜೀವಮಾನ ಇಡೀ ಬೆರಳಚ್ಚು ಹುಡುಕಿದ್ದೀನಿ ಕಣೇ," ಎಂದಳು. "ಎಲ್ಲ ಕದ್ದವರದ್ದು, ಕೊಂದವರದ್ದು. ಕಾಪಾಡಿದವನದ್ದು ಸಿಕ್ಕಿದ್ದು ಇದೇ ಮೊದಲು."