ದೊಡ್ಡ ಮಗಳು

ಕುರುಗೋಡಿನ ಸಂಘಮಿತ್ರಾ ಅರ್ಧ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಉಳಿದರ್ಧ ಕದ್ದವಳು ತನ್ನ ತಂಗಿಯೇ ಎಂದಳು. ತಂಗಿಯೆಂದರೆ ಸಿರುಗುಪ್ಪದ ಗೌತಮಿ, ತೀರಿಹೋದ ಚಿಕ್ಕವ್ವನ ಮಗಳು.

ಬಳ್ಳಾರಿಯ ಕೌಲ್ ಬಜಾರಿನ ಸುನಂದಾ ಮೇಡಂ ಮನೆಗೆ ಇಂಥ ತೊಡಕು ಹೊತ್ತು ಬರುವವರು ಬಹಳ. ಮೂವತ್ತು ವರ್ಷ ಕಾಲೇಜಿನಲ್ಲಿ ವ್ಯಾಕರಣ ಕಲಿಸಿದವರು ಅವರು. ಹಳೆಯ ವಿದ್ಯಾರ್ಥಿಯಾದ ನಾನು, ವೀರೇಶ, ಅವರ ಜೊತೆಗಿರುತ್ತಿದ್ದೆ.

ಸಂಘಮಿತ್ರಾ ಹೇಳಿದ್ದಿಷ್ಟು. ಗಂಟಲಿನ ಕಾಯಿಲೆಯಿಂದ ಅಪ್ಪ ಸುಂಕಪ್ಪನಿಗೆ ಮಾತು ನಿಂತಿತ್ತು. ಕೊನೆಯ ದಿನ ನೋಡಲು ಬಂದ ಗೌತಮಿ ಅವನಿಗೆ ಹಾಳೆ, ಪೆನ್ನು ಕೊಟ್ಟು, ಸಂಜೆಯವರೆಗೆ ಪಕ್ಕದಲ್ಲಿದ್ದು ಊರಿಗೆ ಹೋದಳು. ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ. ದಿಂಬಿನಡಿ ಸಿಕ್ಕಿದ್ದು ಇಷ್ಟೇ: ‘ನನ್ನ ದೊಡ್ಡ ಮಗಳು ಸಂಘಮಿತ್ರಾ, ಅವ್ವನ್ನ ಬೈಬ್ಯಾಡ.’

“ನಿನಗ ಒಡಹುಟ್ಟಿದವರು ಎಷ್ಟು ಮಂದಿ?” ಎಂದು ಮೇಡಂ ಕೇಳಿದರು.

“ಯಾರೂ ಇಲ್ರಿ. ನಾನೊಬ್ಬಾಕೀನ.”

ಮೇಡಂ ಹಾಳೆಯ ಅಂಚಿನ ಮೇಲೆ ಬೆರಳಾಡಿಸಿದರು. ಹರಿದದ್ದಲ್ಲ, ನೇರವಾಗಿ ಕತ್ತರಿಸಿದ್ದು. ಮನೆಯ ಕತ್ತರಿ ಯಾರ ಕೈಯಲ್ಲಿರುತ್ತದೆ ಎಂದು ವಿಚಾರಿಸಿದರು. ಅವ್ವ ಜೀನ್ಸ್ ಹೊಲಿಯುತ್ತಾಳೆ, ಕತ್ತರಿಯನ್ನು ಯಾರಿಗೂ ಮುಟ್ಟಗೊಡದೆ ಬೀಗ ಹಾಕಿಡುತ್ತಾಳೆ ಎಂದಳು.

ಮರುದಿನ ಕುರುಗೋಡಿನ ಆ ಮನೆಯಲ್ಲಿ ಎಲ್ಲರೂ ಸೇರಿದೆವು. ತಾಯಿ ಉಚ್ಚೆಂಗೆಮ್ಮ ಹೊಲಿಗೆ ಯಂತ್ರದ ಪಕ್ಕ, ಗೌತಮಿ ಬಾಗಿಲ ಹತ್ತಿರ.

ಗೌತಮಿ ಕದ್ದಿಲ್ಲವೆಂದು ಮೇಡಂ ಮೊದಲೇ ಹೇಳಿಬಿಟ್ಟರು. ಕತ್ತರಿ ತಾಯಿಯೊಬ್ಬಳ ವಶದಲ್ಲೇ ಇತ್ತೆಂದು ವಿವರಿಸಿದರು.

“ಇನ್ನ ಯಾಕ ಅನ್ನೋದು. ಒಬ್ಬಾಕಿ ಮಗಳಿದ್ರ ‘ಮಗಳು’ ಅಂದ್ರ ಸಾಕು. ಮುಂದ ‘ದೊಡ್ಡ’ ಅನ್ನೋ ವಿಶೇಷಣ ಬಂತಂದ್ರ, ಅದು ಇಬ್ಬರೊಳಗ ಒಬ್ಬಾಕೀನ ಆರಿಸಿ ತೋರಸ್ತೈತಿ. ಅಂದ್ರ ಸಣ್ಣಾಕಿ ಒಬ್ಬಾಕಿ ಅದಾಳ. ಆಕಿ ಹೆಸರು ಕೆಳಗಿನ ಅರ್ಧದಾಗ ಇತ್ತು. ಸುಂಕಪ್ಪ ನಿನ್ನ ತಂಗಿ ಮಗಳು ಗೌತಮಿನ್ನ ಬರೇ ಪ್ರೀತಿಲೆ ಮಗಳು ಅಂದಿದ್ರ ಮುಚ್ಚಿಡೋದೇನಿತ್ತು, ಉಚ್ಚೆಂಗೆಮ್ಮ?”

ಉಚ್ಚೆಂಗೆಮ್ಮ ಎಲೆಯಡಿಕೆ ಚೀಲದಿಂದ ಮಡಿಸಿದ ಚೂರನ್ನು ತೆಗೆದಳು. ಸಂಘಮಿತ್ರಾಗೆ ಎರಡು ವರ್ಷವಿದ್ದಾಗ, ಹೆತ್ತ ಹನ್ನೊಂದನೆಯ ದಿನವೇ ಎರಡನೇ ಕೂಸನ್ನು ಮಕ್ಕಳಿಲ್ಲದ ತಂಗಿಯ ಮಡಿಲಿಗೆ ಹಾಕಿದ್ದಳು. ಯಾರಿಗೂ ಹೇಳುವುದಿಲ್ಲವೆಂದು ಸಾಯುತ್ತಿದ್ದ ತಂಗಿಗೆ ಮತ್ತೆ ಮಾತು ಕೊಟ್ಟಿದ್ದಳು. ಅದಕ್ಕೇ ಕತ್ತರಿಸಿದ್ದಳು, ಸುಡಲು ಮನಸ್ಸು ಬರಲಿಲ್ಲ.

ಗೌತಮಿ ಚೂರನ್ನು ಬಿಡಿಸಿ ಓದಿದಳು: ‘ನನ್ನ ಸಣ್ಣ ಮಗಳು ಗೌತಮಿ, ನೀನು ದೊಡ್ಡಪ್ಪ ಅಂದಾಗೆಲ್ಲ ನಾನು ಹೂಂ ಅಂದೆ.’

“ದೊಡ್ಡ ಮಗಳು ಅಂದ್ರ ಮಗಳ. ದೊಡ್ಡಪ್ಪ ಅಂದ್ರ ಅಪ್ಪ ಅಲ್ಲ,” ಎಂದು ಮೇಡಂ ಮೆಲ್ಲನೆ ಅಂದರು.

“ಮಣ್ಣು ಕೊಡುವಾಗ,” ಎಂದಳು ಗೌತಮಿ, “ದೊಡ್ಡಪ್ಪಾ ಅಂತನ ಅತ್ತೀನಿ.”

ಸಂಘಮಿತ್ರಾ ಎದ್ದು ಅವಳ ಕೈ ಹಿಡಿದಳು. ಇಬ್ಬರೂ ಸ್ಮಶಾನದ ದಾರಿ ಹಿಡಿದರು. ಉಚ್ಚೆಂಗೆಮ್ಮ ಹೊಸ್ತಿಲವರೆಗೆ ಬಂದು ನಿಂತಳು. ಬಾ ಎಂದು ಯಾರೂ ಕರೆಯಲಿಲ್ಲ.